ದೇವರ ಕೋಣೆಯ ಹಳದಿ ವೈರು

ಉತ್ತರಹಳ್ಳಿಯ ಸೊಣ್ಣಮ್ಮನ ಮನೆ ಮುಂದೆ ತನ್ನದೇ ಕಸುಬಿನ ದೇವರಾಜನ ಸ್ಕೂಟರ್ ನಿಂತಿದ್ದನ್ನು ಕಂಡ ದಿನದಿಂದ ಎಲೆಕ್ಟ್ರಿಷಿಯನ್ ಸಂಜೀವಯ್ಯನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸಾರು ಸಪ್ಪೆಯಾಯಿತೇನೋ ಎಂದು ಹೆಂಡತಿ ಈಶ್ವರಮ್ಮ ಉಪ್ಪು ತಂದಿಟ್ಟಳು. ಸಾರಿಗೆ ಉಪ್ಪು ಸರಿಯಾಗಿಯೇ ಬಿದ್ದಿತ್ತು. ಉರಿಯುತ್ತಿದ್ದದ್ದು ಇವನ ಹೊಟ್ಟೆ.

ಉರಿಯದೆ ಏನು ಮಾಡೀತು? ಆ ಮೂರಂತಸ್ತಿನ ಮನೆಯ ಗೋಡೆಯೊಳಗಿನ ಒಂದೊಂದು ವೈರನ್ನೂ ಇಪ್ಪತ್ತೇಳು ವರ್ಷದ ಹಿಂದೆ ಎಳೆದವನು ಅವನು. ರಾಗಿ ಹೊಲಗಳೆಲ್ಲ ಸೈಟುಗಳಾಗಿ, ಸೊಣ್ಣಮ್ಮ ಬಾಡಿಗೆ ಮನೆಗಳ ಓನರ್ ಆದ ಕಾಲ ಅದು. ಗೃಹಪ್ರವೇಶ ಮುಗಿದು ದೇವರು ಬಂದು ಕೂತರೂ ದೇವರ ಕೋಣೆಗೆ ಲೈಟಿನ ಲೈನ್ ಬಾಕಿ ಉಳಿದಿತ್ತು. "ಸ್ನಾನ ಮಾಡ್ಕೊಂಡ್ ಬಂದು ನೀನೇ ಮಾಡಪ್ಪ ಸಂಜೀವಯ್ಯ, ಬೇರೆಯೋರು ಬೇಡ" ಎಂದಿದ್ದಳು ಸೊಣ್ಣಮ್ಮ. ಸಂಜೀವಯ್ಯನ ತಂದೆ ಆ ಮನೆತನದ ಜಗುಲಿ ದಾಟಿದವನಲ್ಲ. ಮಗ ದೇವರ ಕೋಣೆಯ ಹೊಸ್ತಿಲು ದಾಟಿದ.

ಅಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಕರೆಂಟಿನವರ ಲೆಕ್ಕದಲ್ಲಿ ಕೆಂಪು, ಹಳದಿ, ನೀಲಿ ಎಂದರೆ ಕರೆಂಟು ತರುವ ಫೇಸ್, ಕಪ್ಪು ಎಂದರೆ ಅದು ಮರಳುವ ನ್ಯೂಟ್ರಲ್, ಹಸಿರು ನೆಲಕ್ಕಿಳಿಯುವ ಅರ್ತ್. ಕಪ್ಪು ವೈರಿನ ಸುರುಳಿ ಕಂಡ ಸೊಣ್ಣಮ್ಮ "ದೇವ್ರ ಮನೆ ಗೋಡೆಗೆ ಕರೀದು ಬೇಡ್ವೇ ಬೇಡ, ಅರಿಶಿನದ ಬಣ್ಣದ್ದು ಹಾಕು" ಎಂದು ಹಟ ಹಿಡಿದಳು. ಸಂಜೀವಯ್ಯ ನಕ್ಕು, ಹಳದಿ ವೈರನ್ನೇ ನ್ಯೂಟ್ರಲ್ ಮಾಡಿ, ಜಾಯಿಂಟಿಗೆ ಟೇಪು ಸುತ್ತಿ, ಸ್ವಿಚ್ ಬಾಕ್ಸಿನ ಹಿಂಬದಿಗೆ ಒತ್ತಿಟ್ಟ. ಆಮೇಲೆ ನೆಂಟರ ನಡುವೆ ಆ ಕಥೆಯನ್ನು ಅವನು ಹೇಳದ ಮದುವೆಯೂಟದ ಪಂಕ್ತಿಯಿಲ್ಲ. ಈಶ್ವರಮ್ಮನಿಗಂತೂ ಅದು ಬಾಯಿಪಾಠ.

ಈಗ ಸೊಣ್ಣಮ್ಮನ ಮೊಮ್ಮಗಳು ಹೇಮಶ್ರೀಗೆ ಮನೆಯ ಲೈಟು, ಫ್ಯಾನು, ಗೀಸರ್ ಎಲ್ಲ ಮೊಬೈಲಿನ ಮಾತು ಕೇಳಬೇಕಂತೆ. ಅದಕ್ಕೆ ಬೆಂಕಿಪೊಟ್ಟಣದಷ್ಟು ದಪ್ಪದ ರಿಲೇ ಮಾಡ್ಯೂಲನ್ನು ಒಂದೊಂದು ಸ್ವಿಚ್ಚಿನ, ಪ್ಲಗ್ಗಿನ ಹಿಂದೆ ಕೂರಿಸಬೇಕು. ಅದು ಸದಾ ಎಚ್ಚರವಾಗಿರಬೇಕಾದರೆ ಫೇಸೂ ಬೇಕು, ನ್ಯೂಟ್ರಲ್ಲೂ ಬೇಕು. ಈ ವಿದ್ಯೆ ಕಲಿಸಲು ಜೆ.ಪಿ. ನಗರದ ಅಂಗಡಿಯೊಂದು ವಾರದ ಕ್ಲಾಸು ಇಟ್ಟಾಗ ಸಂಜೀವಯ್ಯನನ್ನೂ ಕರೆದಿತ್ತು. "ಮಕ್ಕಳಾಟದ ಸಾಮಾನು" ಎಂದು ಮೂಗು ಮುರಿದ. ದೇವರಾಜ ಹೋದ. ಐವತ್ತು ದಾಟಿದ ದೇವರಾಜ! ಜಯನಗರದ ಕಂಟ್ರಾಕ್ಟರ್ ಚನ್ನಬಸವಯ್ಯನ ಹತ್ತಿರ ಇಬ್ಬರೂ ಇದ್ದಾಗ, ಪೈಪಿನಲ್ಲಿ ವೈರು ಎಳೆಯುವುದನ್ನು ಇವನೇ ಕೈಹಿಡಿದು ಕಲಿಸಿದ ದೇವರಾಜ!

ಬನಶಂಕರಿಯಲ್ಲಿ ದೇವರಾಜನನ್ನು ಕರೆದರು, ಸಹಿಸಿದ. ಜಯನಗರದಲ್ಲಿ ಕರೆದರು, ಹಲ್ಲು ಕಚ್ಚಿಕೊಂಡ. ಆದರೆ ಸೊಣ್ಣಮ್ಮನ ಮನೆ? ಕೆಲಸವಿರಲಿ ಇಲ್ಲದಿರಲಿ, ದಿನಾ ಆ ಬೀದಿಯಲ್ಲೇ ಸುತ್ತಿಕೊಂಡು ಹೋದ. ಒಮ್ಮೆ ಇಣುಕಿದಾಗ ದೇವರಾಜ ಸೋಫಾದ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ತನಗೆ ಯಾವತ್ತೂ ಮೆಟ್ಟಿಲ ಮೇಲೆಯೇ ಕಾಫಿ ಬರುತ್ತಿತ್ತಲ್ಲ ಎಂಬುದು ಸಂಜೀವಯ್ಯನಿಗೆ ಅವತ್ತೇ ಹೊಳೆದದ್ದು.

ನಾಲ್ಕನೆಯ ದಿನ ದೇವರಾಜನ ಫೋನ್ ಬಂತು.

"ಅಣ್ಣಾ, ಎಲ್ಲಾ ರೂಮೂ ಆಯ್ತು. ದೇವ್ರ ಕೋಣೇಲಿ ಮಾತ್ರ ನ್ಯೂಟ್ರಲ್ಲೇ ಸಿಗ್ತಿಲ್ಲ. ಹಸಿರು ವೈರಿಗೆ ಕೊಟ್ ನೋಡ್ದೆ, ಇಡೀ ಮನೆ ಕರೆಂಟೇ ಟ್ರಿಪ್ ಆಗೋಯ್ತು. ಹಿಂದೆ ಹಳದಿದೊಂದು ಟೇಪ್ ಸುತ್ಕೊಂಡು ಕೂತಿದೆ, ಯಾವ್ದೋ ಹಳೇ ಫೇಸ್ ಲೈನ್ ಅಂತ ಮುಟ್ಟಿಲ್ಲ. ನಿಮ್ಗೇನಾದ್ರೂ ನೆನಪಿದ್ಯಾ?"

ಸಂಜೀವಯ್ಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅದೇ ಕಣೋ ನ್ಯೂಟ್ರಲ್ಲು ಎನ್ನುವ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡ. ಸೊಣ್ಣಮ್ಮ ತಾನೇ ಕರೆಯಲಿ, ನೀನೇ ಬರಬೇಕಪ್ಪ ಎನ್ನಲಿ, ದೇವರಾಜ ಹೊಸ್ತಿಲಾಚೆ ನಿಂತು ನೋಡಲಿ.

"ಇಪ್ಪತ್ತೇಳು ವರ್ಷ ಆಯ್ತಲ್ಲಪ್ಪ. ಒಂದೂ ನೆನಪಿಲ್ಲ" ಎಂದ.

ಅವತ್ತು ಎರಡು ಮುದ್ದೆ ಉಂಡ. ಮರುದಿನ ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಒಗೆದ ಶರ್ಟು ತೊಟ್ಟು, ಫೋನು ಎದುರಿಗಿಟ್ಟುಕೊಂಡು ಕೂತ. ದೇವರ ಕೋಣೆಗೆ ಮೈಲಿಗೆಯಲ್ಲಿ ಹೋಗುವ ಹಾಗಿಲ್ಲವಲ್ಲ. ಅದರ ಮರುದಿನವೂ ಹಾಗೇ ಮಿಂದು ಕೂತ. ಫೋನು ಮಾತಾಡಲಿಲ್ಲ.

ಮೂರನೆಯ ದಿನ ಸಂಜೆ ದೇವರಾಜನೇ ಮನೆಗೆ ಬಂದ. ಕೈಯಲ್ಲೊಂದು ಬಟ್ಟೆಯ ಚೀಲ.

"ಕೆಲ್ಸ ಮುಗೀತಣ್ಣ. ಹೊಸ ನ್ಯೂಟ್ರಲ್ ಎಳೆಯೋಕೆ ಪೈಪಲ್ಲಿ ಜಾಗ ಇರ್ಲಿಲ್ಲ, ಹಳೇ ವೈರೆಲ್ಲ ಕಿತ್ತು ಹೊಸದು ಎಳ್ದೆ. ಕಿತ್ಮೇಲೆ ಈ ಹಳದೀದು ನೋಡಿ ಸೊಣ್ಣಮ್ಮೋರು 'ಅಯ್ಯೋ, ಇದು ನಾನೇ ಹೇಳಿ ಹಾಕ್ಸಿದ್ದು ಕಣೋ' ಅಂದ್ರು. ಆಗ ಗೊತ್ತಾಯ್ತು, ನ್ಯೂಟ್ರಲ್ ಇದೇ ಅಂತ. ನಾನು ಎಳೆದಿದ್ದ ಕರೀದನ್ನ ತೆಗ್ಸಿ, ಸ್ನಾನ ಮಾಡ್ಸಿ, ಮತ್ತೆ ಹಳದೀದೇ ಎಳಿಸಿದ್ರು ನನ್ ಕೈಲಿ." ದೇವರಾಜ ನಗುತ್ತ ಚೀಲದಿಂದ ಸುರುಳಿ ತೆಗೆದು ಸಂಜೀವಯ್ಯನ ಮಡಿಲಿಗಿಟ್ಟ. "ದೇವ್ರ ಕೋಣೇದು ಕಸಕ್ಕೆ ಹಾಕ್ಬಾರ್ದು, ಹಾಕಿದ್ದೋನ ಕೈಗೇ ಕೊಡು ಅಂದ್ರು. ನಿಮ್ಗೆ ನೆನಪಿಲ್ಲ ಅಂದಿದ್ದಕ್ಕೆ, ಪಾಪ, ಸಂಜೀವಯ್ಯಂಗೆ ಮರೆವು ಬಂದಿದೆ, ಇನ್ಮೇಲೆ ನೀನೇ ನೋಡ್ಕೊಳಪ್ಪ ಅಂದ್ರು."

ಸಂಜೀವಯ್ಯ ವೈರಿನ ಮೇಲೆ ಬೆರಳಾಡಿಸಿದ. ಇಪ್ಪತ್ತೇಳು ವರ್ಷವಾದರೂ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಇನ್ನೂ ಮೂವತ್ತು ವರ್ಷ ಗೋಡೆಯೊಳಗೆ ಸುಖವಾಗಿ ಇರುತ್ತಿತ್ತು.

ಅಷ್ಟರಲ್ಲಿ ಕಾಫಿ ತಂದ ಈಶ್ವರಮ್ಮ ಸುರುಳಿಯನ್ನು ಕಂಡಳು. ಅವಳಿಗೆ ಫೋನಿನ ಸಂಗತಿ ಗೊತ್ತಿರಲಿಲ್ಲ.

"ಅಯ್ಯೋ, ಸೊಣ್ಣಮ್ಮೋರ ಮನೆ ಅರಿಶಿನದ ವೈರಲ್ವಾ ಇದು? ನ್ಯೂಟ್ರಲ್ಲಿಗೆ ಹಳದೀದು ಹಾಕ್ದೆ ಅಂತ ಹೋದ ತಿಂಗಳು ನಮ್ಮಕ್ಕನ ಮಗ ರವಿಕುಮಾರನ ಮದುವೇಲೂ ಎಲ್ರಿಗೂ ಹೇಳ್ತಿದ್ರಲ್ಲ ನೀವು!"

ದೇವರಾಜ ಕಾಫಿ ಲೋಟ ಕೈಗೆ ತೆಗೆದುಕೊಂಡ. ಅವನು ಸಂಜೀವಯ್ಯನನ್ನು ನೋಡಿದ. ಸಂಜೀವಯ್ಯ ತಲೆ ಎತ್ತಲಿಲ್ಲ. ಈಗ ಬೈಯುತ್ತಾನೆ ಎಂದು ಕಾದ. ಬೈದಿದ್ದರೆ ಎದ್ದು ನಿಂತು ತಾನೂ ನಾಲ್ಕು ಬೈಯಬಹುದಿತ್ತು.

ದೇವರಾಜ ಕಾಫಿ ಮುಗಿಸಿ ಲೋಟ ಕೆಳಗಿಟ್ಟ.

"ವಯಸ್ಸಾಗ್ತಾ ಮರೆವು ಎಲ್ರಿಗೂ ಬರ್ತದೆ ಬಿಡಿ ಅತ್ತಿಗೆ" ಎಂದ. "ಬರ್ತೀನಣ್ಣ."