ಹಲಗೆಯ ಕೆಳಗಿನ ಗಡಗಡಿ

ಕಣ್ಣಿಗೆ ಬೀಳುವ ಜಾಗವನ್ನಷ್ಟೇ ಒರೆಸುವ ಚಟ ನನಗೆ ಹುಟ್ಟಿನಿಂದಲೇ ಇದೆ. ಮುಖ ತೊಳೆದರೆ ಕಿವಿಯ ಹಿಂದೆ ನೀರು ಮುಟ್ಟುವುದಿಲ್ಲ. ಶಾಲೆಯಲ್ಲೂ ಮೊದಲ ಪುಟ ಚಂದ ಬರೆದು ಉಳಿದದ್ದು ಬಿಡುತ್ತಿದ್ದೆ. ಏಳನೇ ಇಯತ್ತೆಗೆ ಶಾಲೆಯೇ ನನ್ನನ್ನು ಬಿಟ್ಟಿತು. ನೀವು ನಗಬಹುದು. ನನಗೆ ಈಗ ಆಗುವುದಿಲ್ಲ.

ಜುಗೂಳದಲ್ಲಿ ಕೃಷ್ಣೆ ದಾಟಿಸುವ ಎಂಜಿನ್ ದೋಣಿ ನಮ್ಮದು. ನಡೆಸುವವನು ಅಣ್ಣ, ಆರೈಕೆ ನನ್ನದು. ಮುಂದೆ ಸ್ಟೇರಿಂಗ್ ತಿರುಗಿಸಿದರೆ ತಂತಿಹಗ್ಗ ಗಡಗಡಿಗಳ, ಅಂದರೆ ರಾಟೆಗಳ ಮೇಲೆ ಹಾದು ಹಿಂದಿನ ಚುಕ್ಕಾಣಿಯನ್ನು ಎಳೆಯುತ್ತದೆ. ಕೊನೆಯ ಗಡಗಡಿ ಹಿಂಬದಿಯ ಹಲಗೆಯ ಕೆಳಗಿದೆ. ಅದಕ್ಕೆ ಗ್ರೀಸು ಹಚ್ಚಲು ಬೋರಲು ಮಲಗಿ ಕೈ ತೂರಿಸಬೇಕು. ಕೀಲೆಣ್ಣೆ ಕಾಣದ ಬಂಡಿ ಓಣಿಗೆಲ್ಲ ಕೇಳುವಂತೆ ಕಿರುಗುಟ್ಟಿ ಮಾಲೀಕನ ಮಾನ ಕಳೆಯುತ್ತದೆ. ದೋಣಿ ಹಾಗಲ್ಲ, ಎಂಜಿನ್ನಿನ ಸದ್ದಿನಲ್ಲಿ ಅದರ ಅಳು ಯಾರಿಗೂ ಕೇಳಿಸದು.

ಆ ವರ್ಷ ದಸರೆಯ ಖಂಡೇಪೂಜೆಗೆ ಮೊದಲು ಗಡಗಡಿ ಒರೆಸಿ ಗ್ರೀಸು ಹಚ್ಚೆಂದು ಅಣ್ಣ ಹೇಳಿದ್ದ. ನಾನು ಸ್ಟೇರಿಂಗನ್ನು ಮಿಂಚುವಂತೆ ಉಜ್ಜಿ ಚೆಂಡುಹೂವಿನ ಹಾರ ಹಾಕಿದೆ. ಗ್ರೀಸಿನ ಡಬ್ಬಿಯನ್ನು ಬಿಚ್ಚದೆಯೇ ಪಾನಾ, ಪಕ್ಕಡದಂಥ ಸಲಕರಣೆಗಳ ಜೊತೆ ಪೂಜೆಗಿಟ್ಟು ಮುಚ್ಚಳಕ್ಕೆ ಕುಂಕುಮ ಹಚ್ಚಿದೆ. ಪೂಜೆಗಿಟ್ಟದ್ದನ್ನು ಅಂದು ಮುಟ್ಟುವಂತಿಲ್ಲವಲ್ಲ, ಸೋಮಾರಿಗೆ ಅಷ್ಟು ಸಾಕು.

ಮರುದಿನ ಆಚೆ ದಂಡೆಯ ಬೀಗರಿಗೆ ಬನ್ನಿ ಕೊಡಲು ಹೊರಟವರು ದೋಣಿ ಹತ್ತಿದರು.

“ಗ್ರೀಸ ಹಚ್ಚಿದಿ ಏನಲೇ ತಮ್ಮಾ?”

“ಹಚ್ಚೀನೋ ಯಣ್ಣಾ.”

ನಡುಹೊಳೆಯಲ್ಲಿ ಗಡಗಡಿ ಕಚ್ಚಿಕೊಂಡಿತು. ದೋಣಿ ಸೆಳವಿಗೆ ಅಡ್ಡ ತಿರುಗಿತು. ಸ್ಟೇರಿಂಗ್ ನನ್ನ ಕೈಗೆ ಕೊಟ್ಟು ಅಣ್ಣ ಹಿಂದೆ ಓಡಿ ಹಲಗೆಯ ಕೆಳಗೆ ಕೈ ಹಾಕಿದ. ಹೆದರಿದ ನಾನು ಜೋರಾಗಿ ತಿರುಗಿಸಿದೆ. ಗಡಗಡಿ ಬಿಟ್ಟಿತು, ಜನ ದಂಡೆ ಸೇರಿದರು. ಅಣ್ಣನ ಬಲಗೈ ಬೆರಳುಗಳು ತಂತಿಗೆ ಸಿಕ್ಕು ಜಜ್ಜಿಹೋದವು.

ಈಗ ಸ್ಟೇರಿಂಗ್ ನನ್ನದು. ಅಣ್ಣ ಮಗ್ಗುಲಲ್ಲಿ ಕೂತು ಎಡಗೈಯಲ್ಲಿ ರೊಟ್ಟಿ ತಿನ್ನುತ್ತಾನೆ. ಯಾರಾದರೂ ಕೇಳಿದರೆ, “ನಮ್ಮ ತಮ್ಮಂದೇನ ತಪ್ಪಿಲ್ರಿ, ಗ್ರೀಸ ಹಚ್ಚಿದ್ದ. ಗಡಗಡಿನ ಹಳೇದು” ಎನ್ನುತ್ತಾನೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅಂದಿನಿಂದ ದಿನಾ ಬೆಳಿಗ್ಗೆ ಬೋರಲು ಮಲಗಿ ಡಬ್ಬಿಗಟ್ಟಲೆ ಬಳಿಯುತ್ತೇನೆ. ಆದರೂ ಮೊನ್ನೆ ಸ್ಟೇರಿಂಗ್ ಮತ್ತೆ ಬಿಗಿಯಾಯಿತು. ಅಣ್ಣ ಬಗ್ಗಿ ನೋಡಿ ನಕ್ಕ.

“ಮೊದಲ ಒರಸಬೇಕಲೇ ಹುಚ್ಚಾ! ಹಳೇದ ತಗೀಲಾರದ ಮ್ಯಾಲ ಮ್ಯಾಲ ಬಳದ್ರ ಉಸುಕ ಒಳಗ ಉಳೀತೈತಿ.”

ಹಲಗೆಯ ಕೆಳಗೆ ಮುಖ ಹುದುಗಿಸಿ ಒರೆಸತೊಡಗಿದೆ. ಅವನಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ನಿಜ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

“ಯಣ್ಣಾ...”

“ಏನಪಾ?”

“ಇನ್ನೊಂದ ಅರಬಿ ಕೊಡು.”

ಅಣ್ಣ ಎಡಗೈಯಿಂದ ಬಟ್ಟೆಯ ತುಂಡು ಚಾಚಿದ. ಆ ದಿನ ಗಡಗಡಿಯೊಂದೇ ಸ್ವಚ್ಛವಾಯಿತು.