ಎರಡನೇ ಗೋಲ್‌ಕೀಪರ್
ಸಂಬಳ ಕೊಡುವ ತಂಡ ಸೇರಿ ಎರಡು ವರ್ಷವಾದರೂ ನಮ್ಮ ಎರಡನೇ ಗೋಲ್‌ಕೀಪರ್ ಒಂದು ಪಂದ್ಯವನ್ನೂ ಆಡಿಲ್ಲ. ಬೆಂಚಿನಲ್ಲಿ ಮುಳ್ಳಿನ ಮೇಲೆ ಕೂತಂತೆ ಕೂರುತ್ತಾನೆ. ಹತ್ತು ನಿಮಿಷಕ್ಕೊಮ್ಮೆ ಎದ್ದು, ಕೋಚ್ ಕಣ್ಣಿಗೆ ಬೀಳುವಂತೆ ಓಡಾಡಿ ಬೈಸಿಕೊಳ್ಳುತ್ತಾನೆ. ಮನೆಯಲ್ಲೂ ಅಷ್ಟೇ, ಮೇಜಿನಿಂದ ಲೋಟ ಜಾರಿದರೆ ನೆಲ ಮುಟ್ಟುವ ಮೊದಲೇ ಹಾರಿ ಹಿಡಿಯುತ್ತಾನೆ. "ಈ ವಾರನಾದ್ರೂ ಆಡಿಸ್ತಾರೇನೋ?" ಎಂದು ಅಮ್ಮ ಕೇಳಿದರೆ, "ಅಣ್ಣಂಗೆ ಒಂದು ನೆಗಡಿನಾದ್ರೂ ಬರಬೇಕಲ್ಲಮ್ಮ" ಎನ್ನುತ್ತಾನೆ. ಅಣ್ಣ ಎಂದರೆ ಅವನಿಗೆ ಚೆಂಡು ಹಿಡಿಯಲು ಕಲಿಸಿದ ಮೊದಲನೇ ಗೋಲ್‌ಕೀಪರ್. ಮೊನ್ನೆ ಪಂದ್ಯದ ನಡುವೆ ಆ ಅಣ್ಣ ಮೊಣಕಾಲು ಹಿಡಿದು ಕುಸಿದಾಗ, ಡಾಕ್ಟರಿಗಿಂತ ಮೊದಲು ಓಡಿದವನು ಇವನೇ. "ಏಳಣ್ಣ, ಏನೂ ಆಗಿಲ್ಲ, ಏಳು" ಎಂದು ಅಳುತ್ತಾ ಅಂಗಲಾಚಿದ. ಅಣ್ಣ ನೋವಿನಲ್ಲೂ ನಕ್ಕುಬಿಟ್ಟ: ಹುಡುಗ ಎರಡೂ ಕೈಗವಸು ಹಾಕಿಕೊಂಡೇ ಬಂದಿದ್ದ.