ಪರದೆಯ ಮೇಲೊಂದು ಲೇತ್

ಎರಡು ವರ್ಷದಿಂದ ನನ್ನ ವರ್ಕ್‌ಶಾಪಿನ ಕೋಟಿಗೆ ಒಂದು ಗ್ರೀಸ್ ಕಲೆ ಬಿದ್ದಿಲ್ಲ. ಹೆಮ್ಮೆಯಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ, ಇದು ತಪ್ಪೊಪ್ಪಿಗೆ. ನಾನು ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕಿ. ಮೆಕ್ಯಾನಿಕಲ್ ಮೇಡಮ್ಮಿನ ಕೋಟು ಮದುವೆಮನೆಗೆ ಹಾಕಿಕೊಂಡು ಹೋಗುವಷ್ಟು ಚೊಕ್ಕಟವಾಗಿದೆ ಎಂದರೆ ಎಲ್ಲೋ ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ.

ನಮ್ಮ ಕಾಲೇಜಿನಲ್ಲಿ ಕಬ್ಬಿಣ ಕಡೆಯುವ ನಾಲ್ಕು ಲೇತ್‌ಗಳಿವೆ. ಒಂದು ಓಡುತ್ತದೆ. ಇನ್ನೊಂದರ ಬಿಡಿಭಾಗ ಬರಬೇಕು, ಬರುತ್ತಲೇ ಇದೆ. ಉಳಿದೆರಡು ಆಯುಧಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮತ್ತೆ ವರ್ಷವಿಡೀ ಧ್ಯಾನಕ್ಕೆ ಕೂರುತ್ತವೆ. ಅರವತ್ತು ಮಕ್ಕಳು ಒಂದೇ ಯಂತ್ರದ ಮುಂದೆ ಸಾಲುಗಟ್ಟಿ ನಿಂತು, ಹಿಡಿ ಮುಟ್ಟಿ, ದರ್ಶನ ಮುಗಿಯಿತೆಂದು ಮುಂದೆ ಹೋಗುತ್ತಿದ್ದರು. ಹಾಗಿರುವಾಗ ಆನ್‌ಲೈನ್ ಲ್ಯಾಬ್ ಬಂತು. ಪರದೆಯ ಮೇಲೆ ತಲೆಗೊಂದು ಲೇತ್! ಎಣ್ಣೆ ಬೇಡ, ಕರೆಂಟು ಹೋಗುವ ಭಯವಿಲ್ಲ, ಟೂಲ್ ಮುರಿದರೆ ಕೆಳಗೆ ಮೂಲೆಯಲ್ಲಿ 'ಮತ್ತೆ ಶುರುಮಾಡಿ' ಎಂಬ ಗುಂಡಿ. ಸ್ಟಾಫ್ ಮೀಟಿಂಗಿನಲ್ಲಿ ಮೇಜು ಕುಟ್ಟಿ ಇದು ಬೇಕೇಬೇಕು ಎಂದು ಹಟ ಹಿಡಿದವಳು ನಾನೇ. ಆದ್ದರಿಂದ ಮುಂದೆ ಆದದ್ದಕ್ಕೆ ಬೇರೆಯವರನ್ನು ಬೈಯುವ ಸುಖವೂ ನನಗಿಲ್ಲ.

ನಿಜ ಹೇಳಬೇಕೆಂದರೆ ಈ ಸಿಮ್ಯುಲೇಶನ್‌ಗಳೆಂದರೆ ನನಗೆ ಪಂಚಪ್ರಾಣ. ಭೌತಶಾಸ್ತ್ರದ್ದೊಂದಿದೆ, ಇಳಿಜಾರಿನ ಮೇಲೆ ಡಬ್ಬಿ ಜಾರಿಸುವುದು. ಅದರಲ್ಲಿ 'ಘರ್ಷಣೆ ಬೇಡ' ಎಂದು ಟಿಕ್ ಹಾಕಬಹುದು! ನಮ್ಮ ರಾಜಗೋಪಾಲನಗರದ ರಸ್ತೆಗೂ, ನಮ್ಮ ಅತ್ತೆಯವರಿಗೂ ನನಗೂ ನಡುವೆಯೂ ಅಂಥದ್ದೊಂದು ಟಿಕ್ ಇದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ. ಎಲೆಕ್ಟ್ರಿಕಲ್‌ನವರದರಲ್ಲಿ ತಂತಿ ತಪ್ಪಾಗಿ ಸೇರಿಸಿದರೆ ಬ್ಯಾಟರಿಗೆ ಬೆಂಕಿ ಹತ್ತುತ್ತದೆ, ಮುದ್ದಾದ ಚಿತ್ರದ ಬೆಂಕಿ. ಮಕ್ಕಳು ಬೇಕೆಂದೇ ತಪ್ಪು ಮಾಡಿ ನಗುತ್ತಾರೆ. ಯೋಚಿಸಿದರೆ ಇದೇನೂ ಹೊಸದಲ್ಲ. ಚಿಕ್ಕವರಿದ್ದಾಗ ಮಣ್ಣಿನಲ್ಲಿ ಅನ್ನ ಮಾಡಿ, ಇಟ್ಟಿಗೆ ಪುಡಿಯಲ್ಲಿ ಸಾರು ಕುದಿಸಿ, ಎಲೆ ಹಾಕಿ ಬಡಿಸುತ್ತಿದ್ದೆವಲ್ಲ, ಅದೂ ಇದೇ ತಾನೆ? ಆದರೆ ಮಗಳು ಇಟ್ಟಿಗೆ ಸಾರು ಚೆನ್ನಾಗಿ ಮಾಡುತ್ತಾಳೆ ಎಂದು ಅಮ್ಮ ನನ್ನನ್ನು ಉರಿಯುವ ಒಲೆಯ ಮುಂದೆ ಕೂರಿಸಲಿಲ್ಲ. ನಾನು ಮಾತ್ರ ಭವ್ಯಾಳನ್ನು ಕೂರಿಸಿಬಿಟ್ಟೆ.

ಭವ್ಯ ನನ್ನ ವಿದ್ಯಾರ್ಥಿನಿ. ಮಾತು ಕಡಿಮೆ, ಕಣ್ಣು ಚುರುಕು. ಪರದೆಯ ಲೇತ್‌ನಲ್ಲಿ ಅವಳನ್ನು ಮೀರಿಸುವವರಿಲ್ಲ. ಬಸ್ಸಿನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಕಬ್ಬಿಣ ಕಡೆಯುವ ಹುಡುಗಿ. ಕೊನೆಯ ಸೆಮಿಸ್ಟರಿನ ತರಬೇತಿಗೆ ಉಳಿದವರೆಲ್ಲ ಡ್ರಾಯಿಂಗು, ತಪಾಸಣೆ ಎಂದು ಮೇಜಿನ ಕೆಲಸ ಹಿಡಿದರೆ ಇವಳು, "ಮೇಡಂ, ನಂಗೆ ಮಿಷಿನ್ನೇ ಬೇಕು" ಎಂದಳು. ನಾನು ಉಬ್ಬಿಹೋದೆ. ಪೀಣ್ಯದಲ್ಲಿ ಸಣ್ಣದೊಂದು ವರ್ಕ್‌ಶಾಪ್ ನೋಡಿಕೊಳ್ಳುವ ಫೋರ್‌ಮನ್ ರಂಗಪ್ಪನವರಿಗೆ ನಾನೇ ಫೋನ್ ಮಾಡಿ, "ಲೇತ್ ವಿಷಯದಲ್ಲಿ ನೀವು ಕಣ್ಣು ಮುಚ್ಚಿಕೊಂಡು ನಂಬಬಹುದು" ಎಂದು ಜಂಬ ಕೊಚ್ಚಿದೆ. ಸೋಮವಾರ ಅವಳು ಕೆಲಸಕ್ಕೆ ಸೇರಿದಳು.

ಬುಧವಾರ ಬೆಳಿಗ್ಗೆ ಕಾಲೇಜಿನಲ್ಲಿ ಕೂತು ಮುಂದಿನ ಬ್ಯಾಚಿಗೆಂದು ಪರದೆಯ ಲೇತ್ ಪಾಠ ತೆರೆದೆ. ಲೇತ್‌ನಲ್ಲಿ ಚಕ್ ಎಂಬ ಗುಂಡನೆಯ ಭಾಗವಿರುತ್ತದೆ. ಕಡೆಯಬೇಕಾದ ಕಬ್ಬಿಣವನ್ನು ಅದರ ಬಾಯಿಗಿಟ್ಟು, ಟಿ ಆಕಾರದ ಒಂದು ಕೀಯಿಂದ ಬಿಗಿ ಮಾಡಬೇಕು. ಬಿಗಿ ಮಾಡಿದೆ. ಮೋಟಾರ್ ಒತ್ತಿದೆ. ಚಕ್ ಗಿರ್ರನೆ ತಿರುಗಿತು. ಆಗ ಸುಮ್ಮನೆ ಒಂದು ಪ್ರಶ್ನೆ ಬಂತು: ಕೀ ಎಲ್ಲಿ ಹೋಯಿತು? ಮತ್ತೆ ಮಾಡಿದೆ. ಬಿಗಿಯಾದ ಕ್ಷಣ ಕೀ ತಾನಾಗಿ ಮಾಯ! ತೆಗೆಯಬೇಕು ಎಂಬ ಹಂತವೇ ಪಾಠದಲ್ಲಿ ಇಲ್ಲ, ಅದಕ್ಕೆ ಅಂಕವೂ ಇಲ್ಲ. ನಿಜವಾದ ಲೇತ್‌ನಲ್ಲಿ ಕೀ ತೆಗೆಯದೆ ಮೋಟಾರ್ ಹಾಕಿದರೆ ಆ ಸೇರುತೂಕದ ಉಕ್ಕು ಚಿಮ್ಮಿ ಎದುರು ನಿಂತವರ ಮುಖಕ್ಕೋ ಎದೆಗೋ ಬಡಿಯುತ್ತದೆ. ಎರಡು ವರ್ಷ ನಾನು ಕಲಿಸಿದ್ದೆ, ಒಂದು ಸಲವೂ ಗಮನಿಸಿರಲಿಲ್ಲ.

ಭವ್ಯಾಳಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ರಂಗಪ್ಪನವರು ಎತ್ತಲಿಲ್ಲ. 'ಚಕ್ ಕೀ ತೆಗಿ' ಎಂದು ಸಂದೇಶ ಕಳಿಸಿದೆ, ಒಂದೇ ಟಿಕ್. ಎರಡನೆಯ ಟಿಕ್ ಬರಲಿ ಎಂದು ಆ ದಿನ ಹರಸಿಕೊಂಡಷ್ಟು ನನ್ನ ಹೆರಿಗೆಯಲ್ಲೂ ಹರಸಿಕೊಂಡಿರಲಿಲ್ಲ. ನನ್ನ ಗಂಡ ಯಾವಾಗಲೂ ಹೇಳುವುದುಂಟು, "ನಿಂಗೆ ಚಿಂತೆ ಮಾಡಕ್ಕೆ ಏನೂ ಸಿಗ್ಲಿಲ್ಲ ಅಂದ್ರೆ, ಯಾಕೆ ಸಿಗ್ಲಿಲ್ಲ ಅಂತ ಚಿಂತೆ ಮಾಡ್ತೀಯ ಕಣೇ." ಈ ಸಲ ಸಿಕ್ಕಿತ್ತು. ಅರ್ಧ ದಿನದ ರಜೆ ಬರೆದಿಟ್ಟು, ಹಾಕಿದ್ದ ಕೋಟನ್ನೂ ತೆಗೆಯದೆ ಆಟೋ ಹತ್ತಿದೆ. ಪೀಣ್ಯದ ಸಿಗ್ನಲ್ಲಿನಲ್ಲಿ ಲಾರಿಗಳ ಹಿಂದೆ ನಿಂತಾಗ ಆ ಹುಡುಗಿಯ ಮುಖ, ಅವಳ ಅಮ್ಮನ ಮುಖ, ಎರಡೂ ಕಣ್ಣ ಮುಂದೆ ಬಂದವು. ದೂರದಲ್ಲಿ ಆಂಬುಲೆನ್ಸ್ ಕೂಗಿತು. ಅದು ನಮ್ಮದೇ ಎಂದು ನಾನು ತೀರ್ಮಾನಿಸಿಯೂಬಿಟ್ಟೆ.

ವರ್ಕ್‌ಶಾಪಿನ ಬಾಗಿಲಲ್ಲಿ ಭವ್ಯ ನಿಂತಿದ್ದಳು. ಕಣ್ಣು ಮೂಗು ಎಲ್ಲ ಇದ್ದಲ್ಲೇ ಇದ್ದವು. ಕೈಯಲ್ಲಿ ಪೊರಕೆ. ಅಯ್ಯೋ ಸದ್ಯ ಎಂದು ಅವಳ ಎರಡೂ ಕೈ ಹಿಡಿದುಕೊಂಡೆ. ಅವಳು ಮಾತ್ರ ತಲೆ ತಗ್ಗಿಸಿ, "ಸಾರಿ ಮೇಡಂ, ನಿಮ್ಮ ಮರ್ಯಾದೆ ಕಳೆದ್ಬಿಟ್ಟೆ" ಎಂದಳು.

ಅಷ್ಟರಲ್ಲಿ ರಂಗಪ್ಪನವರು ಕೈ ಒರೆಸಿಕೊಳ್ಳುತ್ತ ಬಂದರು. ಪೀಣ್ಯ ಇನ್ನೂ ಹಳ್ಳಿಯಾಗಿದ್ದಾಗ ಹುಟ್ಟಿದವರು, ಮಾತು ಈಗಲೂ ಹೊಲದ್ದೇ. "ಏನ್ ಮೇಡಂ ನೀವು, ಕಣ್ ಮುಚ್ಕೊಂಡು ನಂಬಿ ಅಂದ್ರಿ. ನಾನು ಕಣ್ ಮುಚ್ಚಿದ್ರೆ ಸೋಮವಾರಾನೇ ಈ ಮಗೀಗೆ ಕಣ್ಣಿರ್ತಿರ್ಲಿಲ್ಲ. ಕೀ ಅಂಗೇ ಬಿಟ್ಟು ಸ್ವಿಚ್ಚಿಗೆ ಕೈ ಆಕಿದ್ಲು. ಪಕ್ಕದಾಗೇ ಇದ್ದೆ, ಇಡ್ಕೊಂಡೆ. ಮೂರು ದಿನದಿಂದ ಕಸ ಗುಡಿಸ್ತಾವ್ಳೆ. ನಾಳೆಯಿಂದ ಬರೋದು ಬ್ಯಾಡ ಅಂತ ಏಳಾನ ಅಂತಿದ್ದೆ."

ಅಂದರೆ ನಾನು ಹೆದರಿದ್ದು ಸುಳ್ಳಲ್ಲ, ಎರಡು ದಿನ ತಡವಾಗಿ ಹೆದರಿದ್ದೆ ಅಷ್ಟೆ! ಅವಳನ್ನು ಕಳಿಸಿಬಿಟ್ಟರೆ ತರಬೇತಿಯೂ ಇಲ್ಲ, ಸೆಮಿಸ್ಟರೂ ಇಲ್ಲ. ಇನ್ನು ಯಾವ ವರ್ಕ್‌ಶಾಪು ಹುಡುಗಿಯ ಕೈಗೆ ಯಂತ್ರ ಕೊಡುತ್ತದೆ? "ರಂಗಪ್ಪನೋರೇ, ತಪ್ಪು ಇವಳದಲ್ಲ, ನಂದು" ಎಂದು ಶುರುಮಾಡಿದೆ. ಕೀ ಮಾಯವಾಗುವ ಕಥೆಯನ್ನೆಲ್ಲ ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ. "ಕೀ ತಾನೇ ಓಯ್ತದಾ? ಅದೆಂಗೆ?"

"ತೋರಿಸ್ತೀನಿ ನೋಡಿ" ಎಂದು ಸೀದಾ ಲೇತ್ ಮುಂದೆ ನಿಂತೆ. ಸೆರಗು ಸಿಕ್ಕಿಸಿ, ಕೋಟಿನ ಗುಂಡಿ ಹಾಕಿಕೊಂಡೆ. ಪಾಠ ಹೇಳುವ ಚಟ ನೋಡಿ, ಹೆದರಿಕೆಯೆಲ್ಲ ಎಲ್ಲೋ ಹೋಗಿ ದನಿ ಏರಿತು. ಇದು ಚಕ್, ಇದು ಅದರ ಬಾಯಿ, ಹೀಗೆ ಕಬ್ಬಿಣ ಇಟ್ಟೆವು, ಹೀಗೆ ಕೀ ಹಾಕಿ ಬಿಗಿ ಮಾಡಿದೆವು, ಪರದೆಯಲ್ಲಾದರೆ ಇಷ್ಟಕ್ಕೇ ಮುಗಿಯಿತು, ಮುಂದಿನದು ಮೋಟಾರ್ ಎನ್ನುತ್ತ ಕೈ ಚಾಚಿದೆ.

"ಕೀ ಮೇಡಂ! ಕೀ!"

ಭವ್ಯ ಪೊರಕೆ ಎಸೆದು ಓಡಿಬಂದು ನನ್ನ ಮಣಿಕಟ್ಟು ಹಿಡಿದಿದ್ದಳು. ಕೀ ಚಕ್ಕಿನಲ್ಲೇ ಇತ್ತು, ನನ್ನ ಮೂಗಿನ ನೇರಕ್ಕೆ. ನನಗೆ ಅಳು ಬಂತು. ನಾಚಿಕೆಗೋ, ಬದುಕಿದೆನೆಂದೋ ತಿಳಿಯಲಿಲ್ಲ.

ರಂಗಪ್ಪನವರು ಬೈಯಲಿಲ್ಲ. ನನಗೆ ನೀರು ಕೊಟ್ಟು, ನಾನು ಕುಡಿದು ಮುಗಿಸುವ ತನಕ ಕಾದು, ಚಕ್ಕಿನಿಂದ ಕೀ ತೆಗೆದು ಭವ್ಯಾಳ ಕೈಗಿಟ್ಟರು. "ನಿನ್ ಕಸದ ಪಾಳಿ ಮುಗೀತು ಕಣವ್ವ, ಮಿಷಿನ್ ತಾವ ಬಾ." ಆಮೇಲೆ ನೆಲದ ಮೇಲಿದ್ದ ಪೊರಕೆಯನ್ನು ಎತ್ತಿ, ತುಂಬ ಗೌರವದಿಂದ ನನ್ನ ಕಡೆ ಚಾಚಿದರು. "ಬೇಜಾರ್ ಮಾಡ್ಕಬ್ಯಾಡಿ ಮೇಡಂ. ಕೀ ಮರೆತೋರು ಕಸ ಗುಡಿಸ್ಬೇಕು, ಇಲ್ಲಿ ಓನರ್‌ಗೂ ಅದೇ ರೂಲು."

ಗುಡಿಸಿದೆ. ಕಬ್ಬಿಣದ ಸುರುಳಿ ಚೂರುಗಳು ಎಷ್ಟು ಚೆಂದ ಹೊಳೆಯುತ್ತವೆ! ಒಂದನ್ನು ಎತ್ತಿ ನೋಡೋಣವೆಂದು ಬಗ್ಗಿದೆನೋ ಇಲ್ಲವೋ, ಯಂತ್ರದ ಹತ್ತಿರದಿಂದ ನನ್ನ ವಿದ್ಯಾರ್ಥಿನಿಯ ದನಿ ಬಂತು. "ಬರೀ ಕೈಯಲ್ಲಿ ಮುಟ್ಬೇಡಿ ಮೇಡಂ, ಬ್ಲೇಡ್ ಥರ ಕುಯ್ಯತ್ತೆ." ತಟ್ಟನೆ ಕೈ ಹಿಂದೆಗೆದು, "ಸರಿ ಮೇಡಂ" ಎಂದುಬಿಟ್ಟೆ.